ಚಿನ್ನು ಕೇಳಿದ ಪ್ರಶ್ನೆಗೆ

ಚಿ. ಸೌ. ಚೈತ್ರಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲೇ ಕೂತಿದೆ. ಕೆ.ಆರ್. ಮಾರ್ಕೆಟ್ ಫ್ಲೈಓವರ್ ಕೆಳಗೆ ಮಲಗಿದ್ದವರನ್ನು ನೋಡಿ ಚಿನ್ನು "ಇವರಿಗೆ ಮನೆ ಇಲ್ವಾ?" ಅಂದನಂತೆ. ನೀನು "ಚೆನ್ನಾಗಿ ಓದದಿದ್ರೆ ಹೀಗೇ ಆಗೋದು" ಅಂದೆಯಂತೆ. ಅವಸರದಲ್ಲಿ ಎಲ್ಲರ ಬಾಯಿಗೂ ಬರುವ ಮಾತೇ ಅದು, ಬೈಯುತ್ತಿಲ್ಲ. ಆದರೆ ಅದು ನಿಜವಲ್ಲ ಕಣೇ. ಮಗುವನ್ನು ಹೆದರಿಸಲೇಬೇಕಾದರೆ ಗುಮ್ಮನನ್ನು ಕರೆ, ಮನುಷ್ಯರನ್ನು ತೋರಿಸಬೇಡ.

ಐದು ವರ್ಷದ ಮಗುವಿಗೂ ನಿಜವಾದ ಕಾರಣ ಅರ್ಥವಾಗುತ್ತದೆ. ಮಾರ್ಕೆಟ್ಟಿಗೆ ತರಕಾರಿ, ಹೂವಿನ ಲೋಡು ಬರುವುದು ರಾತ್ರಿ, ಬೆಳಗಿನ ಜಾವ. ಇಳಿಸಿ ಹೊರುವವರು ಅಲ್ಲೇ ಇರಬೇಕು, ಇಲ್ಲದಿದ್ದರೆ ಅವತ್ತಿನ ಕೂಲಿ ಹೋಯಿತು. ರೂಮು ಮಾಡೋಣ ಅಂದರೆ ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟರಷ್ಟೇ ಸಾಲದು, ಎಷ್ಟೋ ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಮೊದಲೇ ಎಣಿಸಬೇಕು. ಸಂಬಳ ಬರುವ ನಿಮಗೇ ಆಗ ಒದ್ದಾಟವಾಗಿತ್ತು, ಅಲ್ವಾ? ರಾಯಚೂರು, ಯಾದಗಿರಿ ಕಡೆಯಿಂದ ದುಡಿಯಲು ಬಂದ ಎಷ್ಟೋ ಜನಕ್ಕೆ ಊರಲ್ಲಿ ಮನೆ ಇರುತ್ತದೆ, ಕೆಲಸ ಇರುವುದಿಲ್ಲ. ಚಿನ್ನುವಿಗೆ ಇಷ್ಟು ಹೇಳು, ಸಾಕು: "ಅವರು ತುಂಬಾ ಕೆಲಸ ಮಾಡ್ತಾರೆ ಪುಟ್ಟಾ, ಸಿಗೋ ದುಡ್ಡು ಮನೆಗೆ ಸಾಲಲ್ಲ." ಕಾಯಿಲೆ ಬಿದ್ದವರು, ಮಕ್ಕಳೇ ಹೊರಗೆ ಹಾಕಿದ ಮುದುಕರು, ಅವೆಲ್ಲ ಕಥೆ ಅವನು ದೊಡ್ಡವನಾದಂತೆ ಹೇಳಿದರಾಯಿತು.

ಸರ್ಕಾರ ಏನೂ ಮಾಡಲ್ವಾ ಅಂತ ನೀನು ಕೇಳಿದ್ದೆ. ದೊಡ್ಡ ಊರುಗಳಲ್ಲಿ ಸೂರಿಲ್ಲದವರು ಉಳಿದುಕೊಳ್ಳಲು ಲಕ್ಷ ಜನಸಂಖ್ಯೆಗೊಂದು ತಂಗುದಾಣ ಇರಬೇಕು, ವರ್ಷವಿಡೀ ತೆರೆದಿರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮರುವರ್ಷದ ಜನಗಣತಿಯಲ್ಲಿ ದೇಶದಲ್ಲಿ ಸೂರಿಲ್ಲದವರು 17 ಲಕ್ಷಕ್ಕೂ ಜಾಸ್ತಿ ಸಿಕ್ಕರು. ತಂಗುದಾಣಗಳೇನೋ ಕೆಲವು ಇವೆ. ಆದರೆ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಆದರೆ ಸಂಸಾರಸ್ಥರು ಎಲ್ಲಿಗೆ ಹೋಗಬೇಕು ಹೇಳು.

ಇನ್ನೊಂದು ಸಲ ಆ ಕಡೆ ಹೋದಾಗ ಫುಟ್‌ಪಾತ್ ಕಂಬಿಗೆ ಕಟ್ಟಿರುವ ಗಂಟು ಅವನಿಗೆ ತೋರಿಸು. ಒಂದು ಕಂಬಳಿ, ಒಂದು ತಟ್ಟೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಆಧಾರ್ ಕಾರ್ಡು ಅದರಲ್ಲಿರಬಹುದು. ಅದು ಕಸವಲ್ಲ, ಅವರ ಬೀರು ಅನ್ನು. ಮಲಗಿದವರನ್ನು ದಾಟಬಾರದು, ಸುತ್ತಿಕೊಂಡು ಹೋಗಬೇಕು ಅಂತ ಕಲಿಸು. ಮನೆಯಲ್ಲಿ ಕಲಿಸಿದ್ದೀಯಲ್ಲ, ಬೀದಿಯಲ್ಲೂ ಅದೇ.

ಹುಟ್ಟುಹಬ್ಬಕ್ಕೆ ಅವನ ಕೈಯಲ್ಲಿ ಊಟದ ಪೊಟ್ಟಣ ಹಂಚಿಸಿ ಸ್ಟೇಟಸ್ ಹಾಕುವುದು ಮಾತ್ರ ಬೇಡ. ನನಗಂತೂ ಸರಿಕಾಣುವುದಿಲ್ಲ. ಏನಾದರೂ ಕೊಡುವುದಿದ್ದರೆ ಮೊದಲು "ಅಜ್ಜಾ, ಬೇಕಾ?" ಅಂತ ಕೇಳಲಿ. ಬೇಡ ಅಂದರೆ ಸುಮ್ನೆ ವಾಪಸ್ ಬರಲಿ. ಗುಂಡಿ ಕಿತ್ತ ಅಂಗಿ ಕೊಡುವುದಾದರೆ ಗುಂಡಿ ಹೊಲಿದು ಕೊಡು.

ಒಂದು ದಿನ "ನಮ್ಮನೆಗೇ ಕರ್ಕೊಂಡು ಬರೋಣ, ಹಾಲ್ ಖಾಲಿ ಇದೆಯಲ್ಲ" ಅಂತಾನೆ ನೋಡು. ನಗಬೇಡ. ಆಗಲ್ಲ ಅಂತ ನೇರವಾಗಿ ಹೇಳು. ಯಾಕೆ ಅಂದರೆ ತೋಚಿದಷ್ಟು ಹೇಳು, ತೋಚದಿದ್ದರೆ "ನಂಗೂ ಗೊತ್ತಿಲ್ಲ" ಅನ್ನು. "ನಮ್ಮ ಮನೆನೂ ಹೋಗುತ್ತಾ?" ಅಂತ ಹೆದರಿದರೆ ಮಾತ್ರ ತಡಮಾಡದೆ ತಬ್ಬಿಕೊಂಡು ಇಲ್ಲ ಅನ್ನು. ಹಾಂ, ಬೀದಿಯಲ್ಲಿ ಮಗು ಒಂಟಿಯಾಗಿ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ಆ ನಂಬರು ಚಿನ್ನುವಿಗೂ ಬಾಯಿಪಾಠ ಮಾಡಿಸು.

ಇಂತಿ,
ನಿನ್ನ ದೊಡ್ಡಮ್ಮ