ಸರ್ವಿಸ್‌ಗೆ ಕೊಟ್ಟ ಕಾರಿನ ಆಯಿಲ್ ವಿಷಯ

ಎಲ್ಲರಿಗೂ ನಮಸ್ಕಾರ. ಕುಂಬಳೆ, ಬದಿಯಡ್ಕ ಕಡೆಯವರು ಕಾರನ್ನು ಕಾಸರಗೋಡಿಗೆ ಕೊಡಲಿ, ಮಂಗಳೂರಿಗೆ ಕೊಡಲಿ, ಸುಮ್ನೆ ಮೊತ್ತ ನೋಡಿ ಬಿಲ್ ಮಡಚಿ ಇಡಬೇಡಿ. ಎಂಜಿನ್ ಆಯಿಲ್ ಅಂತ ಇರುವ ಸಾಲಿನಲ್ಲಿ ಗ್ರೇಡ್ ಏನು, ಎಷ್ಟು ಲೀಟರ್ ಅಂತ ಓದಿ, ಕಾರಿನ ಜೊತೆ ಬಂದ ಮ್ಯಾನುಯಲ್ ತೆಗೆದು ತಾಳೆ ನೋಡಿ. (ಆ ಪುಸ್ತಕವನ್ನು ನಾವ್ಯಾರೂ ಬಿಡಿಸಿಯೇ ಇರುವುದಿಲ್ಲ, ಅಲ್ವಾ?)

ಗ್ರೇಡ್ ಅಂದರೆ ಆಯಿಲ್ ಎಷ್ಟು ದಪ್ಪ ಅಂತ ಹೇಳುವ ಗುರುತು; ಈಗಿನ ಎಷ್ಟೋ ಪೆಟ್ರೋಲ್ ಕಾರುಗಳಿಗೆ 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಬೇಕು. ಕೊನೆಯ ಅಂಕಿ ಜಾಸ್ತಿ ಆದಷ್ಟೂ ಬಿಸಿ ಎಂಜಿನ್‌ನಲ್ಲಿ ಆಯಿಲ್ ದಪ್ಪ. ಹೇಳಿದ್ದಕ್ಕಿಂತ ದಪ್ಪ ಹಾಕಿದರೆ ಮೈಲೇಜ್ ಸ್ವಲ್ಪ ಇಳಿಯಬಹುದು, ತೆಳು ಹಾಕಿದರೆ ಸವೆತದ ಭಯ. ಬಿಎಸ್-6 (ಹೊಗೆ ಮಾಲಿನ್ಯದ ನಿಯಮ) ಡೀಸೆಲ್ ಕಾರಿನವರು ಇನ್ನೂ ಹುಷಾರು. ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಉರಿದಾಗ ಕಡಿಮೆ ಬೂದಿ ಬಿಡುವ ಆಯಿಲೇ ಬೇಕು, ಇಲ್ಲದಿದ್ದರೆ ಆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಡಿಪ್‌ಸ್ಟಿಕ್ (ಎಂಜಿನ್‌ನ ಆಯಿಲ್ ಅಳೆಯುವ ಕಡ್ಡಿ) ಎಳೆದು ಬಣ್ಣ ನೋಡಿದರೆ ಗ್ರೇಡ್ ಗೊತ್ತಾಗುವುದಿಲ್ಲ, ಮಟ್ಟ ಮಾತ್ರ. ಡೀಸೆಲ್‌ನಲ್ಲಂತೂ ಹೊಸ ಆಯಿಲೂ ಬೇಗ ಕಪ್ಪಾಗುತ್ತದೆ. ಡ್ರಮ್‌ನಿಂದ ಹಾಕುತ್ತಾರಾದರೆ ಲೇಬಲ್ ತೋರಿಸಲು ಹೇಳಿ. ಬಿಲ್ಲಿನಲ್ಲಿ ಗ್ರೇಡ್ ಇಲ್ಲವಾದರೆ ಸರ್ವಿಸ್ ಅಡ್ವೈಸರ್ ಹತ್ತಿರ ಬರೆಸಿಕೊಳ್ಳಿ, ವಾಟ್ಸಾಪ್‌ನಲ್ಲಾದರೂ ಸಾಕು. ಸಂಶಯ ಇದ್ದವರು ಹೆಸರು, ಗಾಡಿ ನಂಬರ್ ಮುಚ್ಚಿ ಬಿಲ್ ಫೋಟೋ ಇಲ್ಲಿ ಹಾಕಿ.