ಮಂಗಗಳ ಆಶ್ರಯಧಾಮಕ್ಕೆ ಸಾಮಗ್ರಿ ನೀಡುವವರ ಗಮನಕ್ಕೆ

ಮಾನ್ಯ ಸದಸ್ಯರೇ,

ಆಶ್ರಯಧಾಮದ ಮಂಗಗಳಿಗಾಗಿ ಹಳೆಯ ಹೊದಿಕೆ, ಟವೆಲ್, ನಾಯಿಗಳಿಗೆಂದು ಮಾರುವ ಗಟ್ಟಿ ರಬ್ಬರ್ ಆಟಿಕೆಗಳನ್ನು ಕೊಡಬಯಸುವವರು ಅವನ್ನು ಚೆನ್ನಾಗಿ ತೊಳೆದು, ಒಣಗಿಸಿ ತರಬೇಕೆಂದು ಕೋರುತ್ತೇವೆ. ಕ್ಷಯ, ದಡಾರದಂತಹ ನಮ್ಮ ಕಾಯಿಲೆಗಳು ಅವಕ್ಕೂ ತಗಲುತ್ತವೆ. ತಾಯಿಯಿಲ್ಲದ ಮರಿಗಳು ಮೆತ್ತನೆಯ ಗೊಂಬೆಯನ್ನು ಅವಚಿಕೊಂಡು ಮಲಗುವುದರಿಂದ ಅದೂ ಉಪಯುಕ್ತವೇ. ಆದರೆ ಕಣ್ಣಿನ ಜಾಗದಲ್ಲಿ ಹೊಲಿದ ಗುಂಡಿಯನ್ನು ಹಲ್ಲಿನಿಂದ ಕಿತ್ತು ಕೆನ್ನೆಯ ಚೀಲಕ್ಕೆ ಸೇರಿಸಲು ಮಂಗಕ್ಕೆ ನಿಮಿಷವೂ ಬೇಡವಾದ್ದರಿಂದ, ಗುಂಡಿ, ಮಣಿ, ಬ್ಯಾಟರಿ, ಸಡಿಲ ದಾರ ಇರುವುದನ್ನು ದಯವಿಟ್ಟು ಕಳುಹಿಸಬೇಡಿ. ನಮ್ಮ ಅಭಿಪ್ರಾಯದಲ್ಲಿ, ಒಳಗೆ ಕಾಳು ಬಚ್ಚಿಡಬಹುದಾದ ರಂಧ್ರವುಳ್ಳ ಆಟಿಕೆಗಳೇ ಎಲ್ಲಕ್ಕಿಂತ ಉತ್ತಮ. ಕಾಡಿನಲ್ಲಿ ಬಹಳ ಹೊತ್ತು ಆಹಾರ ಹುಡುಕುತ್ತಲೇ ಕಳೆಯುವ ಜೀವಕ್ಕೆ ಆವರಣದೊಳಗೂ ಅದೇ ಕೆಲಸ ಸಿಗುತ್ತದೆ. ತಿಂಡಿ ಬೇಡ. ತರುವ ಮುನ್ನ ಧಾಮದ ಸಿಬ್ಬಂದಿಯನ್ನು ಒಮ್ಮೆ ವಿಚಾರಿಸಿ.