ಅನ್ವಯ ಕಲಿಸಿದ ಅಕ್ಕನಿಗೆ, ಉಳಿದ ಎಲ್ಲರಿಗೂ

ಮೊನ್ನೆ ಎಂ.ಎಸ್ಸಿ. ವೈವಾ, ಅಂದರೆ ಮೌಖಿಕ ಪರೀಕ್ಷೆ, ಮುಗಿಯಿತು. ಪಾಸಾದ ಸುದ್ದಿ ವಾಟ್ಸಾಪಿನಲ್ಲಿ ನನಗಿಂತ ಮೊದಲೇ ನಿಮಗೆಲ್ಲ ತಲುಪಿದೆ. ಪ್ರಾಜೆಕ್ಟ್ ಏನು, ಜೋಳದ ಎಲೆಗಳ ಜೊತೆ ಏನೇನು ಪಾಡುಪಟ್ಟೆ ಎಂಬುದೂ ಲ್ಯಾಬಿನವರಿಗೆ, ಹಾಸ್ಟೆಲಿನವರಿಗೆ ಬಾಯಿಪಾಠ. ಅದನ್ನೆಲ್ಲ ಮತ್ತೆ ಹೇಳುವುದಿಲ್ಲ. ನನಗೆ ಬರೆಯಬೇಕಾಗಿರುವುದು ಇಂಗ್ಲಿಷಿನ ಬಗ್ಗೆ. ವೈವಾದಲ್ಲಿ ಹೊರಗಿನಿಂದ ಪರೀಕ್ಷಕರಾಗಿ ಬಂದ ಎಕ್ಸ್‌ಟರ್ನಲ್ ಸರ್ ಕೇಳಿದ್ದಕ್ಕೆಲ್ಲ ನಾನು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ. ತಡವರಿಸಿದೆ, ಒಂದು ಕಡೆ "ಅಂದ್ರ ಸರ್..." ಎಂದು ಬಾಯಿಗೆ ಬಂದೇಬಿಟ್ಟಿತು, ಆದರೂ ನಿಲ್ಲಲಿಲ್ಲ. ಧಾರವಾಡಕ್ಕೆ ಬಂದ ಹೊಸತರಲ್ಲಿ ನನ್ನನ್ನು ನೋಡಿದವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ಗೊತ್ತು.

ಡ್ರಾಫ್ಟಿನ ಪ್ರತಿ ಪುಟವನ್ನೂ ಕೆಂಪು ಮಾಡಿ, ಸಿಟ್ಟಾಗದೆ ವಾಪಸ್ ಕೊಟ್ಟ ಗೈಡ್ ಮೇಡಂ. ನಾನು ಸ್ಲೈಡ್ ಎಣಿಸುವಾಗ ಮಾತಾಡಿಸದೆ ಬಿಟ್ಟ ಲ್ಯಾಬಿನ ಗೆಳೆಯರು. ಫೀ ಕಟ್ಟುವ ದಿನ ಯಾವತ್ತೂ ಮುಖ ಸಣ್ಣ ಮಾಡದ ಅಪ್ಪ, ಅವ್ವ. ಇಂಗ್ಲಿಷಿನ ಜೊತೆ ಸಮಾಜವನ್ನೂ ಪಿ.ಟಿ.ಯನ್ನೂ ತಾವೇ ನೋಡಿಕೊಳ್ಳುತ್ತಿದ್ದ ಹೈಸ್ಕೂಲಿನ ಸರ್: ಎಲ್ಲರಿಗೂ ಕೈಮುಗಿಯುತ್ತೇನೆ. ನಾನು ಕಣ್ಣಾರೆ ನೋಡದ ಒಬ್ಬರಿಗೂ ಥ್ಯಾಂಕ್ಸ್ ಹೇಳಬೇಕು. ವಿ. ಕೃಷ್ಣ ಎಂಬವರು ವರ್ಷಾನುಗಟ್ಟಲೆ ಕೂತು ಕೂಡಿಸಿದ ಕನ್ನಡ–ಇಂಗ್ಲಿಷ್ ಪದಕೋಶ 'ಅಲರ್' ಎಂಬ ಹೆಸರಿನಲ್ಲಿ 2019ರಿಂದ ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿದೆ. ನನ್ನ ಥೀಸಿಸ್ಸಿನ ಅರ್ಧ ಅದರ ಮೇಲೆ ನಿಂತಿದೆ. ಕನ್ನಡದ ಪದ ಹಾಕಿದರೆ ಇಂಗ್ಲಿಷಿನದು ಕೊಡುತ್ತದೆ, ನನ್ನಂಥವರಿಗೆ ಬೇಕಾದ ದಿಕ್ಕು ಅದೇ.

ಇನ್ನು ಉಳಿದ ಜಾಗವೆಲ್ಲ ಅಕ್ಕನದು. ಹೆಸರು ಹಾಕಬ್ಯಾಡ ಅಂದಿದ್ದಾಳೆ, ಹಾಕುವುದಿಲ್ಲ. ನನ್ನ ರೂಮ್‌ಮೇಟ್, ಎಂ.ಎ. ಕನ್ನಡ ಮುಗಿಸಿ ನೆಟ್ ಪರೀಕ್ಷೆಗೆ (ಕಾಲೇಜಿನಲ್ಲಿ ಪಾಠ ಮಾಡಲು ಬೇಕಾದ ಅರ್ಹತಾ ಪರೀಕ್ಷೆ) ಓದುತ್ತಿದ್ದವಳು. ಇಂಗ್ಲಿಷ್ ಅವಳಿಗೆ ನನಗಿಂತ ಕಡಿಮೆ ಬರುತ್ತಿತ್ತು. ಅದನ್ನು ಅವಳೇ ಎಲ್ಲರೆದುರು ಹೇಳಿಕೊಳ್ಳುತ್ತಾಳೆ, ಆದ್ದರಿಂದ ಬರೆಯಲು ಸಂಕೋಚವಿಲ್ಲ.

ಅವಳು ಮಾಡಿದ್ದೇನು ಎಂದು ತಿಳಿಯಬೇಕಾದರೆ ನನ್ನ ತೊಂದರೆ ಎಂಥದು ಎಂದು ಸ್ವಲ್ಪ ಹೇಳಬೇಕು. ನಾನು ಕುಷ್ಟಗಿ ಕಡೆಯ ಹಳ್ಳಿಯವಳು, ಹತ್ತನೇತ್ತೆಯವರೆಗೆ ಕನ್ನಡ ಮೀಡಿಯಂ. ನಾನು ಎಸ್ಸೆಸ್ಸೆಲ್ಸಿ ಬರೆದಾಗ ಕನ್ನಡಕ್ಕೆ 125, ಇಂಗ್ಲಿಷಿಗೆ 100 ಅಂಕ. ಪದ್ಯ, ಪ್ರಬಂಧ, ಲೆಟರ್ ರೈಟಿಂಗ್ ಎಲ್ಲ ಉರುಹೊಡೆದು ಇಂಗ್ಲಿಷಿನಲ್ಲಿ ಒಳ್ಳೆಯ ಅಂಕವನ್ನೇ ತೆಗೆದೆ. ಒಂದು ವಾಕ್ಯವನ್ನೂ ಬಾಯಿಬಿಟ್ಟು ಆಡದೆ ಇಂಗ್ಲಿಷ್ ಪಾಸಾಗಬಹುದು ಎಂಬುದಕ್ಕೆ ನಾನೇ ಸಾಕ್ಷಿ. ಪಿಯುಸಿ ಸೈನ್ಸಿಗೆ ಸೇರಿದ ಮೇಲೆ ಪಾಠವೆಲ್ಲ ಇಂಗ್ಲಿಷು. ಪತ್ರರಂಧ್ರ ಹೋಗಿ ಸ್ಟೊಮಾಟಾ ಬಂತು, ಬಾಷ್ಪವಿಸರ್ಜನೆ ಹೋಗಿ ಟ್ರಾನ್ಸ್‌ಪಿರೇಶನ್ ಬಂತು.

ಕನ್ನಡ ಮೀಡಿಯಂ ಮಕ್ಕಳಿಗೆ ಇಂಥ ದೊಡ್ಡ ಪದಗಳೇ ಕಷ್ಟ ಎಂದು ಊರೆಲ್ಲ ಮಾತಾಡುತ್ತದೆ. ಅದು ಅಷ್ಟು ನಿಜವಲ್ಲ. ದೊಡ್ಡ ಪದಗಳನ್ನು ಒಂದು ವಾರದಲ್ಲಿ ಬಾಯಿಪಾಠ ಮಾಡಬಹುದು. ಸ್ಪೆಲ್ಲಿಂಗಿನಲ್ಲಿ ಎಕ್ಸ್ ಇದ್ದರೂ ಝೈಲಮ್ ಅನ್ನಬೇಕು, ಪಿ ಇದ್ದರೂ ನ್ಯೂಮಟೊಫೋರ್ ಅನ್ನಬೇಕು, ಒಮ್ಮೆ ಕೇಳಿದರೆ ಮುಗಿಯಿತು. ಕಾಲು ಎಡವುವುದು ಚಿಲ್ಲರೆ ಪದಗಳಲ್ಲಿ: ಆಲ್‌ದೋ, ವೇರ್‌ಆಸ್, ಅನ್‌ಲೆಸ್, ರಾದರ್ ದ್ಯಾನ್. ವಾಕ್ಯ ಯಾವ ಕಡೆ ತಿರುಗುತ್ತದೆ ಎಂದು ಹೇಳುವವು ಅವೇ, ಮತ್ತು ಅವನ್ನು ಯಾರೂ ಬೋರ್ಡಿನ ಮೇಲೆ ಬರೆಯುವುದಿಲ್ಲ. ಇದರ ಮೇಲೆ ಕ್ರಿಯಾಪದದ ಕಾಟ. ನಮ್ಮ ಕಿವಿ ವಾಕ್ಯದ ಕೊನೆಯ ತನಕ ಕ್ರಿಯಾಪದಕ್ಕೆ ಕಾಯುತ್ತದೆ. ಇಂಗ್ಲಿಷಿನಲ್ಲಿ ಅದು ಮುಂಚೆಯೇ ಬಂದು ಹೋಗಿರುತ್ತದೆ, ನಾವು ಕಾಯುತ್ತಲೇ ಇರುತ್ತೇವೆ.

ಎಂ.ಎಸ್ಸಿ. ಮೊದಲ ವರ್ಷದ ಸೆಮಿನಾರಿನಲ್ಲಿ ನಾನು ನಿಂತುಬಿಟ್ಟದ್ದು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಸ್ಲೈಡ್ ಹಾಗೇ ಇತ್ತು, ಫ್ಯಾನ್ ತಿರುಗುತ್ತಿತ್ತು, ಬಾಯಿ ಬರಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ನನ್ನ ವಾಕ್ಯವನ್ನು ತಾವೇ ಪೂರ್ತಿ ಮಾಡಿದರು. ಸಹಾಯ ಮಾಡಲೆಂದೇ ಮಾಡಿದ್ದು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದರಷ್ಟು ನೋವು ಯಾರಾದರೂ ನಕ್ಕಿದ್ದರೆ ಆಗುತ್ತಿರಲಿಲ್ಲ. ನಕ್ಕರೆ ಜಗಳವಾಡಬಹುದು.

ಆಮೇಲೆ ಕ್ಲಾಸಿನಲ್ಲಿ ಪ್ರಶ್ನೆ ಕೇಳುವುದನ್ನು ಬಿಟ್ಟೆ. ಮೆಸ್ಸಿನಲ್ಲಿ ಇಂಗ್ಲಿಷ್ ಮಾತಾಡುವವರ ಟೇಬಲ್ ತಪ್ಪಿಸಿ ಕೂರುತ್ತಿದ್ದೆ. ನಾನು ಓದಿದ ಶಾಲೆಯ ಮೇಲೆ, ಹುಟ್ಟಿದ ಊರಿನ ಮೇಲೆ, ಕಾನ್ವೆಂಟಿನಿಂದ ಬಂದ ಹುಡುಗಿಯರು ಚಹಾ ಕುಡಿಯುವಷ್ಟು ಸಲೀಸಾಗಿ 'ಆ್ಯಕ್ಚುಯಲಿ' ಅನ್ನುವುದರ ಮೇಲೆ, ಎಲ್ಲದರ ಮೇಲೂ ಉರಿ. ತಲೆಯಲ್ಲಿರುವುದು ಬಾಯಿಗೆ ಬಾರದಿದ್ದರೆ ಎದುರಿಗಿದ್ದವರು ತಲೆಯಲ್ಲೇ ಏನೂ ಇಲ್ಲ ಅಂದುಕೊಳ್ಳುತ್ತಾರೆ. ಸ್ವಲ್ಪ ದಿನಕ್ಕೆ ನಾವೂ ಹಾಗೇ ಅಂದುಕೊಳ್ಳಲು ಶುರುಮಾಡುತ್ತೇವೆ. ನಾನು ಅಂದುಕೊಂಡೆ. ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಮೊದಲ ನಂಬರ್ ಬರುತ್ತಿದ್ದವಳು ನಾನಲ್ಲ, ಬೇರೆ ಯಾರೋ ಅನ್ನಿಸತೊಡಗಿತು. ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ. ಇರಲಿ.

ಸೆಮಿನಾರಿನ ರಾತ್ರಿ ಬ್ಯಾಗ್ ತುಂಬಿದ್ದೆ. ಬೆಳಗಿನ ಮೊದಲ ಬಸ್ಸಿಗೆ ಗದಗಿಗೆ, ಅಲ್ಲಿಂದ ಊರಿಗೆ, ಮತ್ತೆ ಬರುವುದಿಲ್ಲ ಎಂದು. ಅಕ್ಕನ ಪರೀಕ್ಷೆ ಹತ್ತಿರ ಬಂದಿತ್ತು, ಮಂಚದ ಮೇಲೆ ಪಂಪಭಾರತ ಹರವಿಕೊಂಡು ಕೂತಿದ್ದಳು. ಬ್ಯಾಗನ್ನು ನೋಡಿದಳು. ಯಾಕ ಏನು ಅನ್ನಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ.

"ಹೋಗಂತಿ, ಯಾರ್ ಬ್ಯಾಡಂದ್ರು? ಬಸ್ಸಿಗೆ ಇನ್ನೂ ಟೈಮ್ ಐತಿ. ಅಲ್ಲೀತನಕ, ಇವತ್ತ ಅಲ್ಲಿ ಏನ್ ಹೇಳಬೇಕಂತಿದ್ದಿ ಅದನ್ನ ನನಗ ಹೇಳು. ಕನ್ನಡದಾಗ ಹೇಳು."

ಹೇಳಿದೆ. ಮೊದಮೊದಲು ಅಳುತ್ತ, ಆಮೇಲೆ ಅಳುವುದು ಮರೆತು. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಾಯಿಗಳಿರುತ್ತವೆ, ಅವೇ ಪತ್ರರಂಧ್ರ. ಪ್ರತಿ ಬಾಯಿಯ ಎರಡೂ ಕಡೆ ಕಾವಲು ಕೋಶಗಳು. ಅವು ನೀರು ಹೀರಿ ಉಬ್ಬಿದರೆ ಬಾಯಿ ತೆರೆಯುತ್ತದೆ, ನೀರು ಕಡಿಮೆಯಾಗಿ ಸಡಿಲಾದರೆ ಮುಚ್ಚುತ್ತದೆ. ಹಿಂಗಾರಿ ಜೋಳ ಎರೆಮಣ್ಣಿನಲ್ಲಿ ಉಳಿದ ಹಸಿಯ ಮೇಲೆಯೇ ಬೆಳೆಯಬೇಕಾದ್ದರಿಂದ ಈ ಬಾಯಿಗಳನ್ನು ಯಾವಾಗ ಮುಚ್ಚಬೇಕು ಎಂಬುದು ಅದಕ್ಕೆ ಬದುಕಿನ ಲೆಕ್ಕ.

ಅಕ್ಕ ಕೈ ಎತ್ತಿದಳು. "ಬಾಯಿ ಮುಚ್ಚಿಕೊಂಡ್ರ ನೀರೇನೋ ಉಳೀತು. ಉಸಿರು ಹೆಂಗ ಬಿಡ್ತೈತಿ? ಊಟ ಹೆಂಗ ಮಾಡ್ತೈತಿ?"

ನನ್ನ ಸೆಮಿನಾರ್ ಪೂರ್ತಿ ಇದ್ದದ್ದು ಅದೇ ಪ್ರಶ್ನೆಯ ಮೇಲೆ. ಬಾಯಿ ಮುಚ್ಚಿದರೆ ಇಂಗಾಲದ ಡೈಆಕ್ಸೈಡೂ ಒಳಗೆ ಬರುವುದಿಲ್ಲ, ಆಹಾರ ತಯಾರಾಗುವುದೂ ನಿಲ್ಲುತ್ತದೆ. ನೀರು ಉಳಿಸಬೇಕೋ ಕಾಳು ಕಟ್ಟಬೇಕೋ ಎಂಬ ಇಕ್ಕಟ್ಟು. ಅಷ್ಟು ಜನ ಕೂತಿದ್ದ ಹಾಲಿನಲ್ಲಿ ಯಾರಿಗೂ ತಲುಪಿಸಲಾಗದ್ದು ಪಂಪಭಾರತ ಓದುವವಳಿಗೆ ತಲುಪಿತ್ತು.

"ಹಂಗಾರ ನಿನ್ನ ತಲ್ಯಾಗ ಎಲ್ಲಾ ಐತಿ," ಅಂದಳು. "ಈಗ ಅದನ್ನಽ ಇಂಗ್ಲೀಷಿನ್ಯಾಗ ಹೇಳು. ನಂಗ ತಿಳೀಲಿಲ್ಲಂದ್ರ ಕೈ ಎತ್ತತೇನಿ. ಗ್ರಾಮರು ಗೀಮರು ನಂಗ ಗೊತ್ತಿಲ್ಲ, ಅದಕ್ಕ ಅಂಜಬ್ಯಾಡ."

ಬೆಳಗಿನ ತನಕ ನಡೆಯಿತು. ಹೇಳುವುದು, ಅವಳು ಕೈ ಎತ್ತುವುದು, ಮತ್ತೊಂದು ಥರ ಹೇಳುವುದು. ನಡುವೆ ಲೈಟು ಹೋಯಿತು, ಮೊಬೈಲ್ ಟಾರ್ಚ್ ಹಚ್ಚಿದಳು. ಸಂಜೆ ತಂದಿಟ್ಟಿದ್ದ ಗಿರ್ಮಿಟ್ ಮೆತ್ತಗಾಗಿ ಹೋಗಿತ್ತು, ಅದನ್ನೇ ತಿಂದೆವು. ಬಸ್ಸಿನ ಹೊತ್ತಾದಾಗ, "ಹೋಗೂದಾದ್ರ ಹೋಗು, ಅಣ್ಣಿಗೇರಿ ದಾಟೂವಾಗ ಪಂಪನ ತಾಯಿ ಊರು ಅಂತಾರ, ಅವಗ ನನ್ನ ನಮಸ್ಕಾರ ಹೇಳು," ಅಂದಳು. ನಾನು ನಕ್ಕೆ. ಆಮೇಲೆ ಇಬ್ಬರೂ ಮಲಗಿ ಮಧ್ಯಾಹ್ನ ಎದ್ದೆವು.

ಮುಂದಿನ ತಿಂಗಳುಗಳಲ್ಲಿ ಅವಳು ಕೊಟ್ಟದ್ದು ಇನ್ನೊಂದಿದೆ. ಇಂಗ್ಲಿಷ್ ಕೋಚಿಂಗಿಗೆಂದು ಯಾರಾದರೂ ದುಡ್ಡು ಸುರಿಯುವ ಮೊದಲು ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ. ಹಳಗನ್ನಡ ಪದ್ಯವನ್ನು ಬಿಡಿಸುವಾಗ ಕನ್ನಡ ಎಂ.ಎ.ಯವರು ಅನ್ವಯ ಮಾಡುತ್ತಾರೆ, ಅಂದರೆ ಪದಗಳನ್ನು ಅರ್ಥವಾಗುವ ಕ್ರಮಕ್ಕೆ ತಂದು ಜೋಡಿಸುತ್ತಾರೆ. ಪದ್ಯದಲ್ಲಿ ಪದಗಳು ಛಂದಸ್ಸಿಗೆ ಬೇಕಾದ ಹಾಗೆ ಎಲ್ಲೆಲ್ಲೋ ಕೂತಿರುತ್ತವೆ. ಮೊದಲು ಕ್ರಿಯಾಪದ ಹುಡುಕು, ಆಮೇಲೆ ಯಾರು ಮಾಡಿದರು, ಏನನ್ನು ಮಾಡಿದರು, ವಿಶೇಷಣಗಳನ್ನು ಅವುಗಳ ವಿಶೇಷ್ಯದ ಹತ್ತಿರ ಕೂರಿಸು. ಒಂದು ದಿನ ನಾನು ಒಂದು ರಿಸರ್ಚ್ ಪೇಪರಿನ ಮುಂದೆ ತಲೆ ಹಿಡಿದು ಕೂತಿದ್ದಾಗ ಅಕ್ಕ ಬಂದು, "ಇದೇನ್ ಪಂಪಗಿಂತ ಕಠಿಣ ಐತೇನು? ಅನ್ವಯ ಮಾಡು," ಅಂದಳು.

ವಾಕ್ಯ ಹೀಗಿತ್ತು: ದಿ ರಿಡಕ್ಷನ್ ಇನ್ ಸ್ಟೊಮಾಟಲ್ ಕಂಡಕ್ಟನ್ಸ್ ಅಬ್ಸರ್ವ್ಡ್ ಇನ್ ಪ್ಲಾಂಟ್ಸ್ ಎಕ್ಸ್‌ಪೋಸ್ಡ್ ಟು ಡ್ರೌಟ್ ಆಫ್ಟರ್ ಫ್ಲವರಿಂಗ್ ವಾಸ್ ಪಾರ್ಷಲಿ ರಿವರ್ಸ್ಡ್ ಬೈ ರಿವಾಟರಿಂಗ್. ನನಗೆ ಕಂಡದ್ದು ಮೂರು ಕ್ರಿಯಾಪದ, ಯಾವುದು ಯಾರದು ಎಂದು ತಿಳಿಯದು. ಅಕ್ಕ ಪೆನ್ಸಿಲ್ ತೆಗೆದುಕೊಂಡು 'ಅಬ್ಸರ್ವ್ಡ್', 'ಎಕ್ಸ್‌ಪೋಸ್ಡ್' ಎರಡಕ್ಕೂ ಗೋಲ ಹಾಕಿದಳು. "ಇವೆರಡು ಕೃದಂತ. 'ಕಂಡ', 'ಸಿಕ್ಕ' ಇದ್ದಂಗ, ವಿಶೇಷಣದ ಕೆಲಸ ಮಾಡಾಕತ್ತಾವ. 'ವಾಸ್ ರಿವರ್ಸ್ಡ್' ಒಂದಽ ಕ್ರಿಯಾಪದ." ಉಳಿದದ್ದು ತಾನೇ ಜೋಡಣೆಯಾಯಿತು: ಹೂ ಬಿಟ್ಟ ಮೇಲೆ ಬರಕ್ಕೆ ಸಿಕ್ಕ ಗಿಡಗಳಲ್ಲಿ ಕಂಡ ಇಳಿಕೆ, ಮತ್ತೆ ನೀರು ಕೊಟ್ಟಾಗ ಅಷ್ಟಿಷ್ಟು ಸರಿಹೋಯಿತು. ಸ್ಟೊಮಾಟಲ್ ಕಂಡಕ್ಟನ್ಸ್ ಎಂದರೇನು ಎಂದು ಅವಳಿಗೆ ಗೊತ್ತಿರಲಿಲ್ಲ. ಬೇಕಾಗಲೂ ಇಲ್ಲ.

ಊಟ ಮುಗಿಸಿ ವರಾಂಡದಲ್ಲಿ ಒಂದು ಪ್ಯಾರಾ ಅನ್ವಯ ಮಾಡುವುದು ನಮ್ಮ ದಿನಚರಿಯಾಯಿತು. ಆಮೇಲೆ ಪಕ್ಕದ ರೂಮುಗಳಿಂದ ಇನ್ನೂ ಕೆಲವರು ಬಂದು ಕೂತರು, ಒಬ್ಬಳು ಎಕನಾಮಿಕ್ಸ್, ಒಬ್ಬಳು ಕೆಮಿಸ್ಟ್ರಿ. ಇಂಗ್ಲಿಷಿನ ಬೆನ್ನು ಹತ್ತಿದರೆ ಕನ್ನಡ ಕೈಬಿಟ್ಟು ಹೋಗುತ್ತದೆ ಎಂದು ಅವರಲ್ಲೊಬ್ಬಳು ಬೇಸರ ಮಾಡಿಕೊಂಡಾಗ ಅಕ್ಕ ಹೇಳಿದ್ದು ಈಗಲೂ ನಗು ತರಿಸುತ್ತದೆ: "ನಮ್ಮ ಸಿಲಬಸ್ ನೋಡು ಬಾ. ಬಿ.ಎಂ.ಶ್ರೀ., ಗೋಕಾಕ, ಅಡಿಗ, ಅನಂತಮೂರ್ತಿ, ಲಂಕೇಶ, ಎಲ್ಲಾರೂ ಇಂಗ್ಲೀಷ್ ಮಾಸ್ತರಽ. ಕನ್ನಡ ಎಂ.ಎ. ಅಂದ್ರ ಇಂಗ್ಲೀಷ್ ಮಾಸ್ತರಗೋಳ ಸಾಹಿತ್ಯ."

ಅವಳ ನೇಲ್‌ಪಾಲಿಶಿನ ಸುದ್ದಿ ಬಿಟ್ಟರೆ ಲ್ಯಾಬಿನವರು ಸುಮ್ಮನಿರಲಿಕ್ಕಿಲ್ಲ. ಎಲೆಯ ಅಡಿಗೆ ತೆಳ್ಳಗೆ ನೇಲ್‌ಪಾಲಿಶ್ ಬಳಿದು, ಒಣಗಿದ ಮೇಲೆ ಸೆಲ್ಲೋಟೇಪಿನಿಂದ ಕಿತ್ತು ಸ್ಲೈಡಿಗೆ ಅಂಟಿಸಿದರೆ ಪತ್ರರಂಧ್ರಗಳ ಅಚ್ಚು ಮೂಡಿರುತ್ತದೆ. ಜೋಳದಲ್ಲಿ ಕಾವಲು ಕೋಶಗಳು ಡಂಬೆಲ್ ಆಕಾರ, ಸಾಲಾಗಿ ನಿಂತಿರುತ್ತವೆ. ತಂಗಿಯ ಮದುವೆಗೆಂದು ಅಕ್ಕ ತಂದಿಟ್ಟುಕೊಂಡಿದ್ದ ಬಣ್ಣವಿಲ್ಲದ ಬಾಟಲಿ ಪೂರ್ತಿ ಮಾಲದಂಡಿ ಜೋಳದ ಎಲೆಗಳಿಗೆ ಹೋಯಿತು. ಮದುವೆಯಲ್ಲಿ ಅವಳ ಉಗುರು ಬೋಳು. ಫೋಟೋ ನನ್ನ ಹತ್ತಿರ ಇದೆ.

ಎಲ್ಲ ಬಂತು ಎಂದಲ್ಲ. 'ದಿ' ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂದು ಮೇಡಂ ಈಗಲೂ ಕೆಂಪು ಪೆನ್ನಿನಲ್ಲಿ ಕಲಿಸುತ್ತಿದ್ದಾರೆ. ಫೋನಿನಲ್ಲಿ ಇಂಗ್ಲಿಷ್ ಬಂದರೆ ಎದೆ ಡವಡವ. ವೆಬಿನಾರಿನಲ್ಲಿ ಹೊರದೇಶದವರು ಜೋಕ್ ಮಾಡಿದರೆ ಉಳಿದವರು ನಕ್ಕ ಮೇಲೆ ನಗುತ್ತೇನೆ. ಬರೆಯುವುದು ಮಾತಾಡುವುದಕ್ಕಿಂತ ಮುಂದಿದೆ, ಓದುವುದು ಎರಡಕ್ಕಿಂತಲೂ ಮುಂದಿದೆ. ಆದರೆ ಈಗ ಕ್ಲಾಸಿನಲ್ಲಿ ಕೈ ಎತ್ತುತ್ತೇನೆ, ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನುತ್ತೇನೆ. ವೈವಾದಲ್ಲಿ ಎಕ್ಸ್‌ಟರ್ನಲ್ ಸರ್ ಕೊನೆಗೆ ಕೇಳಿದ್ದು ಏನು ಗೊತ್ತೇ? ರಂಧ್ರ ಮುಚ್ಚಿದ ಗಿಡ ಊಟಕ್ಕೆ ಏನು ಮಾಡುತ್ತದೆ ಎಂದು. ನನಗೆ ಆ ಪ್ರಶ್ನೆಯನ್ನು ಮೊದಲು ಕೇಳಿದವಳು ಯಾರು ಎಂದು ಅವರಿಗೆ ಹೇಳಲಿಲ್ಲ. ಹೇಳಬೇಕಿತ್ತು ಅನ್ನಿಸುತ್ತಿದೆ, ಅದಕ್ಕೇ ಇಲ್ಲಿ ಬರೆದೆ.

ಅಕ್ಕಾ, ಇನ್ನು ನಿನ್ನ ವಿಷಯ. ನೆಟ್ ಪರೀಕ್ಷೆಯಲ್ಲಿ ನಿನ್ನ ಕನ್ನಡ ಪೇಪರಿನ ಬಗ್ಗೆ ಯಾರಿಗೂ ಚಿಂತೆಯಿಲ್ಲ. ತೊಂದರೆ ಇರುವುದು ಮೊದಲನೇ ಪೇಪರಿನಲ್ಲಿ. ಅದರ 50 ಪ್ರಶ್ನೆ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲೇ ಬರುತ್ತವೆ, ಕನ್ನಡ ಎಂ.ಎ. ಮಾಡಿದವರಿಗೂ ಬೇರೆ ದಾರಿಯಿಲ್ಲ. ಇದೆಂಥ ನ್ಯಾಯವೋ ನನಗೆ ತಿಳಿಯದು. ಕಾಂಪ್ರಹೆನ್ಶನ್ ನೀನೇ ಅನ್ವಯ ಮಾಡಿಕೊಳ್ಳುತ್ತೀ. ಡಾಟಾ ಇಂಟರ್‌ಪ್ರಿಟೇಶನ್ ಬಂದ ಕೂಡಲೇ ಪುಟ ತಿರುವುವ ನಿನ್ನ ಚಾಳಿ ಮಾತ್ರ ನನಗೆ ಗೊತ್ತು. ರಿಸಲ್ಟ್ ಬರುವ ತನಕ ನಾನು ಹಾಸ್ಟೆಲಿನಲ್ಲೇ ಇರುತ್ತೇನೆ. ಹಳೆಯ ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಿಸಿಟ್ಟಿದ್ದೇನೆ. ಭಾನುವಾರ ಊಟ ಮುಗಿಸಿ ವರಾಂಡಕ್ಕೆ ಬಾ, ಪರ್ಸೆಂಟೇಜಿನಿಂದ ಶುರು ಮಾಡೋಣ. ತಿಳೀಲಿಲ್ಲಂದ್ರ ಕೈ ಎತ್ತು.